ಕೀ ದೀಪ ಮಿಟುಕಿದರೆ ಕಾರು ಏಳಲ್ಲ: ಒಂದು ಮಳೆಗಾಲದ ರಿಪೇರಿ ದಿನಚರಿ

ಕಾರು 2011ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 94,000 ಕಿಲೋಮೀಟರ್ ಓಡಿದೆ. ನಮ್ಮ ಮನೆ ಕೊಡಗಿನ ಅಮ್ಮತ್ತಿ ಹತ್ತಿರ, ತೋಟದೊಳಗೆ. ಕಾರಿಗೆ ಶೆಡ್ ಇಲ್ಲ. ಕಾಫಿ ಕಣದ ಪಕ್ಕ ಸಿಲ್ವರ್ ಓಕ್ ಮರಗಳ ಕೆಳಗೆ ನಿಲ್ಲಿಸುತ್ತೇನೆ. ಈ ಕೊನೆಯ ವಿಷಯವೇ ಎಲ್ಲದರ ಬುಡ ಅಂತ ಗೊತ್ತಾಗಲು ನನಗೆ ಏಳು ವಾರ ಬೇಕಾಯಿತು.

ಇಮ್ಮೊಬಿಲೈಸರ್ (ಸರಿಯಾದ ಕೀ ಅಲ್ಲದಿದ್ದರೆ ಎಂಜಿನ್ ಓಡಲು ಬಿಡದ ವ್ಯವಸ್ಥೆ) ಕೈಕೊಟ್ಟರೆ ಎಲ್ಲರೂ ಹೇಳುವುದು ಎರಡೇ ಮಾತು: ಕೀ ಹೋಗಿದೆ, ಇಲ್ಲವೇ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ. ನನ್ನ ಕಾರಿನಲ್ಲಿ ಎರಡೂ ಸರಿಯಾಗಿದ್ದವು. ಅದಕ್ಕೇ ಏನೇನು ಮಾಡಿದೆ, ಎಲ್ಲೆಲ್ಲಿ ದಾರಿ ತಪ್ಪಿದೆ ಅಂತ ದಿನಾಂಕ ಸಮೇತ ಬರೆದಿಡುತ್ತಿದ್ದೇನೆ. ಎಲ್ಲ 2024ರ ಮಳೆಗಾಲದ್ದು.

ಜೂನ್ 18: ಮೊದಲ ಸಲ

ಸಿದ್ದಾಪುರದಿಂದ ವಾಪಸ್ ಬರುವಾಗ ಫೋನ್ ಬಂತು ಅಂತ ರಸ್ತೆ ಬದಿಗೆ ನಿಲ್ಲಿಸಿ ಆಫ್ ಮಾಡಿದೆ. ಸಂಜೆ 6.40. ಜಡಿಮಳೆ. ಮತ್ತೆ ಕೀ ತಿರುಗಿಸಿದರೆ ಸೆಲ್ಫ್ ಚೆನ್ನಾಗಿ ಹೊಡೆಯಿತು. ಎಂಜಿನ್ ಹತ್ತಿಕೊಂಡಿತು, ಎರಡು ಸೆಕೆಂಡಿನಲ್ಲಿ ಸತ್ತಿತು. ಮೀಟರ್ ಬೋರ್ಡಿನಲ್ಲಿ ಕೀ ಚಿತ್ರದ ದೀಪ ಪಟಪಟ ಮಿಟುಕುತ್ತಿತ್ತು.

ಆ ರಸ್ತೆಯಲ್ಲಿ ಕತ್ತಲಾದ ಮೇಲೆ ಆನೆ ದಾಟುತ್ತವೆ. ಎರಡೂ ಕಡೆ ತೋಟ. ಇಳಿದು ಬಾನೆಟ್ ತೆಗೆಯುವ ಧೈರ್ಯ ಬರಲಿಲ್ಲ. ಎಂಟು ಸಲ ಪ್ರಯತ್ನಿಸಿದೆ. ಒಂಬತ್ತನೆಯ ಸಲ ಏನೂ ಆಗಿಯೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಯಿತು. ಮನೆ ತಲುಪುವವರೆಗೆ ನನ್ನ ಎದೆ ಹೊಡೆದುಕೊಳ್ಳುತ್ತಲೇ ಇತ್ತು.

ಇದೇ ತೊಂದರೆ ಇರುವವರು ಮೊದಲು ನೋಡಬೇಕಾದ್ದು ಆ ದೀಪ. ನನ್ನ ಕಾರಿನಲ್ಲಿ ಕೀ ಆನ್ ಮಾಡಿದಾಗ ಅದು ಮೂರು ಸೆಕೆಂಡ್ ಹೊತ್ತಿ ಆರಿದರೆ ಎಲ್ಲ ಸರಿ. ಮಿಟುಕಿದರೆ ಇಮ್ಮೊಬಿಲೈಸರ್ ಒಪ್ಪಿಲ್ಲ. ಸೆಲ್ಫೇ ಹೊಡೆಯದಿದ್ದರೆ ಅದು ಬೇರೆ ಕಥೆ: ಬ್ಯಾಟರಿ, ರಿಲೇ, ಸೆಲ್ಫ್ ಮೋಟಾರ್ ಕಡೆ ನೋಡಿ.

ಜೂನ್ 22: ಕೀ ಒಳಗಿನ ಸೆಲ್. ಖರ್ಚು 60 ರೂ. ವ್ಯರ್ಥ

ಕೀ ಬಿಚ್ಚಿ ಹೊಸ ನಾಣ್ಯದ ಸೆಲ್ ಹಾಕಿದೆ. ಮರುದಿನ ಬೆಳಿಗ್ಗೆ ಮತ್ತೆ ಅದೇ ಹಾಡು. ಆಮೇಲೆ ತಿಳಿಯಿತು: ನನ್ನಂಥ ತಿರುಗಿಸುವ ಕೀ ಇರುವ ಕಾರಿನಲ್ಲಿ ಆ ಸೆಲ್ ಇರುವುದು ಬಾಗಿಲಿನ ರಿಮೋಟ್‌ಗೆ ಮಾತ್ರ. ಇಮ್ಮೊಬಿಲೈಸರ್ ಚಿಪ್ ಕೀಯ ಪ್ಲಾಸ್ಟಿಕ್ ಒಳಗೆ ಬೇರೆಯೇ ಕೂತಿರುತ್ತದೆ. ಅದಕ್ಕೆ ಸೆಲ್ ಬೇಡ. ಇಗ್ನಿಷನ್ ಲಾಕ್ ಸುತ್ತ ಇರುವ ಕಾಯಿಲ್ ರಿಂಗ್‌ನಿಂದಲೇ ಅದಕ್ಕೆ ಶಕ್ತಿ ಸಿಗುತ್ತದೆ.

ಕೀ ಗೊಂಚಲಿನಲ್ಲಿ ಇನ್ನೊಂದು ಗಾಡಿಯ ಚಿಪ್ ಕೀ ಇದ್ದರೆ ಅದನ್ನು ಬೇರೆ ಮಾಡಿ ನೋಡಿ ಅಂತಾರೆ. ಎರಡು ಚಿಪ್ ಒಟ್ಟಿಗಿದ್ದರೆ ರಿಂಗ್‌ಗೆ ಗೊಂದಲವಾಗುವುದು ನಿಜ. ನನ್ನ ಗೊಂಚಲಿನಲ್ಲಿ ಗೋಡೌನ್ ಬೀಗದ ಕೀ ಮಾತ್ರ ಇತ್ತು. ಆದರೂ ಬಿಚ್ಚಿಟ್ಟೆ. ವ್ಯತ್ಯಾಸ ಇಲ್ಲ.

ಜೂನ್ 30: ಎರಡನೇ ಕೀ. ದಾರಿ ತಪ್ಪಿಸಿದ ಪರೀಕ್ಷೆ

ಬೆಳಿಗ್ಗೆ 7ಕ್ಕೆ ಕೈಕೊಟ್ಟಿತು. ಸಿಟ್ಟು ಬಂದು ಬಿಟ್ಟುಬಿಟ್ಟೆ. ಮಧ್ಯಾಹ್ನ ಬೀರುವಿನಿಂದ ಎರಡನೇ ಕೀ ತಂದು ಹಾಕಿದರೆ ಒಂದೇ ಏಟಿಗೆ ಸ್ಟಾರ್ಟ್. ಆರು ಸಲ ಮಾಡಿದೆ, ಆರೂ ಸಲ ಸರಿ. ಹಳೇ ಕೀ ಹೋಗಿದೆ ಅಂತ ತೀರ್ಮಾನ ಮಾಡಿಬಿಟ್ಟೆ.

ಬೆಳಿಗ್ಗೆಯ ಪರಿಸ್ಥಿತಿ ಬೇರೆ, ಮಧ್ಯಾಹ್ನದ್ದು ಬೇರೆ. ಆಗಲೇ ಹಳೇ ಕೀಯನ್ನೂ ಒಮ್ಮೆ ಹಾಕಿ ನೋಡಿದ್ದರೆ ಅದರಲ್ಲೂ ಸ್ಟಾರ್ಟ್ ಆಗುತ್ತಿತ್ತು. ನೋಡಲಿಲ್ಲ. ಈ ಒಂದು ತಪ್ಪಿನಿಂದ ವಾರಪೂರ್ತಿ ಎರಡನೇ ಕೀ ಇಟ್ಟುಕೊಂಡು ನೆಮ್ಮದಿಯಿಂದ ಓಡಾಡಿದೆ. ಜುಲೈ 5ಕ್ಕೆ ಅದೂ ಕೈಕೊಟ್ಟಿತು.

ಜುಲೈ 6: ಹೊಸ ಬ್ಯಾಟರಿ. ಖರ್ಚು 4,700 ರೂ. ವ್ಯರ್ಥ

ವೋಲ್ಟೇಜ್ ಕಮ್ಮಿಯಾದರೆ ಇಮ್ಮೊಬಿಲೈಸರ್ ತಲೆ ಕೆಡುತ್ತೆ ಅಂತ ಒಬ್ಬರು ಹೇಳಿದರು. ಮಾತು ಸುಳ್ಳಲ್ಲ. 750 ರೂ. ಕೊಟ್ಟು ಒಂದು ಮಲ್ಟಿಮೀಟರ್ ತಂದೆ. ಸುಮ್ನೆ ನಿಂತಾಗ 12.4 ವೋಲ್ಟ್. ಸೆಲ್ಫ್ ಹೊಡೆಯುವಾಗ 10.3. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯದಿದ್ದರೆ ಬ್ಯಾಟರಿಗೆ ತೊಂದರೆ ಇಲ್ಲ. ಅಂದರೆ ಮೀಟರ್ ನನಗೆ ಸತ್ಯ ಹೇಳಿತ್ತು. ನಾಲ್ಕು ವರ್ಷ ಹಳೇದು, ಹೇಗೂ ಬದಲಾಯಿಸಬೇಕು ಅಂತ ನಾನೇ ಸಮಾಧಾನ ಮಾಡಿಕೊಂಡು ಹೊಸದು ಹಾಕಿಸಿದೆ. ಮೂರನೇ ದಿನ ಬೆಳಿಗ್ಗೆ ದೀಪ ಮತ್ತೆ ಮಿಟುಕಿತು.

ಜುಲೈ 12 ಮತ್ತು 13: ವಿರಾಜಪೇಟೆಯಲ್ಲಿ ನಿಂತಿದ್ದು

ವಿರಾಜಪೇಟೆ ಪೇಟೆಯೊಳಗೆ ಅರ್ಧ ಗಂಟೆ ಸ್ಟಾರ್ಟ್ ಆಗಲಿಲ್ಲ. ಎಳೆಸಿಕೊಂಡು ವರ್ಕ್‌ಶಾಪ್‌ಗೆ ಕಳಿಸಿದೆ, 1,800 ರೂ. ಅಲ್ಲಿ ಹುಡುಗ ಕೂತು ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್. ಅವನು ನನ್ನ ಮುಖ ನೋಡಿದ. ಇಂಥ ಬಂದುಹೋಗುವ ತೊಂದರೆ ಇದ್ದವರಿಗೆ ಆ ನೋಟ ಗೊತ್ತಿರುತ್ತೆ.

ನನ್ನ ಹತ್ತಿರ ಇರುವ ಅಗ್ಗದ ಒಬಿಡಿ ರೀಡರ್‌ನಲ್ಲಿ (ಕಾರಿನ ದೋಷದ ಕೋಡ್ ಓದುವ ಸಾಧನ) ಯಾವ ಕೋಡೂ ಬಂದಿರಲಿಲ್ಲ. ಅದು ಎಂಜಿನ್ ಕಡೆಯ ಸಾಮಾನ್ಯ ಕೋಡ್ ಮಾತ್ರ ಓದುತ್ತದೆ. ವರ್ಕ್‌ಶಾಪ್‌ನ ದೊಡ್ಡ ಸ್ಕ್ಯಾನರ್‌ನಲ್ಲಿ (500 ರೂ.) ಹಳೆಯ ದೋಷವೊಂದು ಉಳಿದುಕೊಂಡಿತ್ತು: ಇಮ್ಮೊಬಿಲೈಸರ್ ಯೂನಿಟ್‌ಗೂ ಇಸಿಯುಗೂ ನಡುವೆ ಮಾತುಕತೆ ತಪ್ಪಿದೆ. ಕೀ ಗುರುತು ಸಿಗಲಿಲ್ಲ ಅಂತ ಇರಲಿಲ್ಲ. ಈ ವ್ಯತ್ಯಾಸ ಅವತ್ತೇ ನನ್ನ ತಲೆಗೆ ಹೊಳೆಯಬೇಕಿತ್ತು. ಕೀ, ಚಿಪ್, ರಿಂಗ್ ಎಲ್ಲ ಬಿಟ್ಟು ವೈರ್, ಸಪ್ಲೈ, ಅರ್ತ್ (ಕರೆಂಟ್ ಕಾರಿನ ಬಾಡಿ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ಜೋಡಣೆ) ಕಡೆ ಹೋಗು ಅಂತ ಕಾರೇ ಹೇಳಿತ್ತು.

ಅವರು ಹೇಳಿದ ಪರಿಹಾರ: ಇಸಿಯು, ಇಮ್ಮೊಬಿಲೈಸರ್, ಎರಡು ಕೀ ಸೆಟ್ ಸಮೇತ ಬದಲಾಯಿಸಬೇಕು, 26,500 ರೂ. ಹಾಕಿದ ಮೇಲೂ ತೊಂದರೆ ಹೋಗದಿದ್ದರೆ ಅಂತ ಕೇಳಿದೆ. ಉತ್ತರ ಬರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬರು ಇಮ್ಮೊಬಿಲೈಸರನ್ನೇ ತೆಗೆಸಿಬಿಡಿ, ಅದಕ್ಕೂ ಜನ ಇದ್ದಾರೆ ಅಂದರು. ಅದು ನನಗೆ ಬೇಡವಾಗಿತ್ತು. ಕಳ್ಳತನ ತಡೆಯಲು ಇರುವ ಸಾಮಾನು ಅದು. ನಾಳೆ ಕಾರು ಕಳುವಾದರೆ ವಿಮೆಯವರಿಗೆ ಏನು ಹೇಳುವುದು? ತೊಂದರೆ ಎಲ್ಲಿದೆ ಅಂತ ಹುಡುಕದೆ ಕಾವಲುಗಾರನನ್ನೇ ಮನೆಗೆ ಕಳಿಸಿದ ಹಾಗಾಗುತ್ತೆ.

ಜುಲೈ 16: ಕಾಯಿಲ್ ರಿಂಗ್

ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿದೆ. ಮೂರು ಸ್ಕ್ರೂ, ಎರಡು ಲಾಕ್. ಲಾಕ್ ಸುತ್ತ ಕಪ್ಪು ರಿಂಗ್, ಎರಡು ವೈರ್. ಕನೆಕ್ಟರ್ ತೆಗೆದು ಅಳೆದೆ: 12 ಓಮ್. ವೈರ್ ಅಲ್ಲಾಡಿಸಿದೆ, ಬಗ್ಗಿಸಿದೆ, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದೆ. 12 ಕದಲಲಿಲ್ಲ, ಅಂದರೆ ರಿಂಗ್ ಒಳಗೆ ತಂತಿ ತುಂಡಾಗಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ (320 ರೂ.) ಹೊಡೆದು ಮತ್ತೆ ಕೂರಿಸಿದೆ. ಫ್ಯೂಸ್ ಎಲ್ಲ ಒಂದೊಂದೇ ತೆಗೆದು ನೋಡಿದೆ. ಇಲಿ ಕಚ್ಚಿದ ಗುರುತು ಎಲ್ಲೂ ಇಲ್ಲ. ತೋಟದ ಮನೆಗಳಲ್ಲಿ ಇಲಿ ವೈರ್ ಕಡಿಯುವುದು ಮಾಮೂಲು, ಅದನ್ನು ನೋಡದೆ ಬಿಡಬಾರದು.

ಜುಲೈ 21: ನೋಟ್‌ಬುಕ್

ಕೊನೆಗೂ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ತೋಟದ ಹಾಜರಿ ಪುಸ್ತಕದಲ್ಲಿ ಖಾಲಿ ಉಳಿದ ಹಾಳೆಗಳಲ್ಲಿ ಪ್ರತಿ ಸ್ಟಾರ್ಟ್ ಬರೆದಿಟ್ಟೆ. ಸಮಯ, ಮಳೆ ಇತ್ತಾ, ಯಾವ ಕೀ, ಎಂಜಿನ್ ಬಿಸಿಯೋ ತಣ್ಣಗೋ, ದೀಪ ಆರಿತೋ ಮಿಟುಕಿತೋ.

ಸಂಜೆ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟಾಗ ಮತ್ತೆ ಸ್ಟಾರ್ಟ್ ಆಗಲಿಲ್ಲ. ಅಮ್ಮ ಮುಂದಿನ ಸೀಟಿನಲ್ಲಿ ಸೆರಗಿನಿಂದ ಗ್ಲಾಸ್ ಒರೆಸುತ್ತಾ ಹೇಳಿದರು, "ಇದು ಸ್ಟಾರ್ಟ್ ಆಗದ ದಿನ ಗ್ಲಾಸ್‌ಗೆ ಯಾವಾಗಲೂ ಮಂಜು ಹಿಡಿದಿರುತ್ತೆ, ಅಲ್ವಾ?"

ನಾನು ಅದನ್ನು ತೇವದ ಮಾತು ಅಂತಲೇ ತೆಗೆದುಕೊಂಡೆ. ಮಳೆ, ತೇವ, ಎಲ್ಲೋ ಕನೆಕ್ಟರ್ ಒದ್ದೆ. ಆದರೂ ನೋಟ್‌ಬುಕ್‌ನಲ್ಲಿ ಇನ್ನೆರಡು ಕಾಲಂ ಸೇರಿಸಿದೆ: ಗ್ಲಾಸ್ ಮಂಜು, ಬ್ಲೋವರ್ (ಒಳಗೆ ಗಾಳಿ ಬಿಡುವ ಫ್ಯಾನ್) ಎಷ್ಟರಲ್ಲಿತ್ತು.

ಆಗಸ್ಟ್ 3: ಕಕ್ಕಡ 18

ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅವತ್ತು ಹೊರಗೆ ಕಾಲಿಡಲಾಗದ ಮಳೆ. ಅಮ್ಮ ಆ ದಿನದ ವಿಶೇಷವಾದ, ನೇರಳೆ ಬಣ್ಣ ಬಿಡುವ ಮದ್ದುಸೊಪ್ಪಿನ ಪಾಯಸ ಮಾಡಿದ್ದರು. ಲೋಟ ಪಕ್ಕದಲ್ಲಿಟ್ಟುಕೊಂಡು ನೋಟ್‌ಬುಕ್ ಲೆಕ್ಕ ಹಾಕುತ್ತಾ ಕೂತೆ. ಆ ಹಾಳೆಯ ಮೂಲೆಯಲ್ಲಿ ಈಗಲೂ ನೇರಳೆ ಕಲೆ ಇದೆ.

ಒಟ್ಟು 54 ಸ್ಟಾರ್ಟ್. ಕೈಕೊಟ್ಟಿದ್ದು 9. ಮಳೆ ಕಾಲಂ ನೋಡಿದೆ: ಮಳೆ ಇದ್ದಾಗಲೂ ಕೈಕೊಟ್ಟಿದೆ, ಇಲ್ಲದಾಗಲೂ ಕೈಕೊಟ್ಟಿದೆ. ಕೀ ಕಾಲಂ: ಎರಡೂ ಕೀಗಳಲ್ಲಿ ಆಗಿದೆ. ಎಂಜಿನ್ ಬಿಸಿ, ತಣ್ಣಗೆ: ಎರಡರಲ್ಲೂ. ಬ್ಲೋವರ್ ಕಾಲಂಗೆ ಬಂದೆ. ಬ್ಲೋವರ್ ಆಫ್ ಇದ್ದ ಸ್ಟಾರ್ಟ್ 31, ಕೈಕೊಟ್ಟಿದ್ದು ಸೊನ್ನೆ. ಬ್ಲೋವರ್ ಮೂರು ಅಥವಾ ನಾಲ್ಕರಲ್ಲಿದ್ದ ಸ್ಟಾರ್ಟ್ 23. ಒಂಬತ್ತೂ ಅಲ್ಲೇ.

ಪಾಯಸ ಅಲ್ಲೇ ಬಿಟ್ಟು ಎದ್ದೆ.

ವಿಷಯ ಏನೆಂದರೆ, ಗ್ಲಾಸ್‌ಗೆ ಮಂಜು ಹಿಡಿದ ದಿನ ಬ್ಲೋವರ್ ಜೋರಾಗಿ ಇಟ್ಟು ಓಡಿಸುತ್ತೇನೆ. ಕಾರು ಆಫ್ ಮಾಡುವಾಗ ಅದರ ನಾಬ್ ಹಾಗೇ ಬಿಡುತ್ತೇನೆ. ಮುಂದಿನ ಸಲ ಕೀ ಆನ್ ಮಾಡಿದ ಕೂಡಲೇ ಬ್ಲೋವರ್ ತಿರುಗತೊಡಗುತ್ತದೆ. ಇಮ್ಮೊಬಿಲೈಸರ್ ಇಸಿಯು ಜೊತೆ ಮಾತಾಡುವುದೂ ಅದೇ ಗಳಿಗೆಯಲ್ಲಿ. ವರ್ಕ್‌ಶಾಪ್ ಹುಡುಗ ಸದ್ದು ಬೇಡ ಅಂತ ಮೊದಲು ಬ್ಲೋವರ್ ಆಫ್ ಮಾಡಿದ್ದ. ಅದು ಈಗ ನೆನಪಾಯಿತು.

ಆಗಸ್ಟ್ 4: ಬೇಕಂತಲೇ ಮಾಡಿದ ಪರೀಕ್ಷೆ

ಎಂಜಿನ್ ಸ್ಟಾರ್ಟ್ ಮಾಡದೆ, ಬರೀ ಕೀ ಆನ್ ಮಾಡಿ ದೀಪ ನೋಡುವುದು. ಬ್ಯಾಟರಿಗೂ ಹಿಂಸೆ ಇಲ್ಲ. ಪ್ರತಿ ಸಲದ ನಡುವೆ ಹತ್ತು ಸೆಕೆಂಡ್ ಬಿಡುವು. ಬ್ಲೋವರ್ ಆಫ್ ಇಟ್ಟು 20 ಸಲ: 20 ಸಲವೂ ದೀಪ ಆರಿತು. ಬ್ಲೋವರ್ ನಾಲ್ಕರಲ್ಲಿ 20 ಸಲ: 6 ಸಲ ಮಿಟುಕಿತು. ಆರು ವಾರದಲ್ಲಿ ಮೊದಲ ಸಲ ತೊಂದರೆಯನ್ನು ನನಗೆ ಬೇಕಾದಾಗ ಬರಿಸಿಕೊಳ್ಳಲು ಸಾಧ್ಯವಾಯಿತು. ಕಾರು ಇನ್ನೂ ಕೆಟ್ಟೇ ಇತ್ತು, ಆದರೂ ಅವತ್ತು ಆದ ಖುಷಿ ರಿಪೇರಿ ಮುಗಿದ ದಿನವೂ ಆಗಲಿಲ್ಲ.

ಆಗಸ್ಟ್ 5: ಎಡಗಡೆ ಕಾಲಿನ ಪಕ್ಕದ ಪ್ಯಾನೆಲ್

ಬ್ಲೋವರ್, ಇಮ್ಮೊಬಿಲೈಸರ್ ಎರಡಕ್ಕೂ ಸೇರಿದ್ದು ಏನಿರಬಹುದು? ಫ್ಯೂಸ್ ಬೇರೆ ಬೇರೆ. ಹಾಗಾದರೆ ಅರ್ತ್. ನನ್ನ ಕಾರಿನಲ್ಲಿ ಬ್ಲೋವರ್ ಎಡಗಡೆ, ಗ್ಲೋವ್ ಬಾಕ್ಸ್ ಹಿಂದೆ. ಅದರ ಕಪ್ಪು ವೈರ್ ಹಿಡಿದು ಹೋದರೆ ಎಡ ಪ್ಯಾಸೆಂಜರ್ ಕಾಲಿನ ಪಕ್ಕದ ಪ್ಯಾನೆಲ್ ಒಳಗೆ ಹೋಗುತ್ತದೆ.

ಬ್ಯಾಟರಿ ಮೈನಸ್ ತೆಗೆದು ಹತ್ತು ನಿಮಿಷ ಕಾದೆ. ಆ ಜಾಗದಲ್ಲಿ ಹಳದಿ ಕವಚದ ವೈರ್ ಕಂಡರೆ ಅದು ಏರ್‌ಬ್ಯಾಗ್‌ದು, ಮುಟ್ಟಬೇಡಿ, ಮೀಟರ್ ಅಂತೂ ಹಚ್ಚಲೇಬೇಡಿ. ಬಾಗಿಲ ಕೆಳಗಿನ ಪಟ್ಟಿ ಮೇಲಕ್ಕೆಳೆದೆ, ಪ್ಯಾನೆಲ್‌ನ ಒಂದು ಪ್ಲಾಸ್ಟಿಕ್ ನಟ್ ತಿರುಗಿಸಿದೆ, ಬಂತು. ಮೊದಲು ಮೂಗಿಗೆ ಬಡಿದದ್ದು ಮುಗ್ಗಲು ವಾಸನೆ. ಕಾರ್ಪೆಟ್ ಮೇಲೆ ಒಣಗಿದಂತಿದೆ, ಕೆಳಗಿನ ಫೋಮ್ ಒತ್ತಿದರೆ ನೀರು ಜಿನುಗುತ್ತಿದೆ. ಗ್ಲಾಸ್‌ಗೆ ಮಂಜು ಯಾಕೆ ಹಿಡಿಯುತ್ತಿತ್ತು ಅನ್ನುವುದಕ್ಕೂ ಉತ್ತರ ಸಿಕ್ಕಿತು.

ಬಾಡಿಗೆ ಒಂದು 10 ಎಂಎಂ ಬೋಲ್ಟ್. ಅದರ ಕೆಳಗೆ ಒಂದು ಲಗ್ (ವೈರ್ ತುದಿಗೆ ಹಿಸುಕಿ ಹಾಕುವ ಲೋಹದ ಬಳೆ). ಲಗ್‌ನಲ್ಲಿ ಬ್ಲೋವರ್‌ನ ದಪ್ಪ ಕಪ್ಪು ವೈರ್, ಜೊತೆಗೆ ಎರಡು ಸಣ್ಣ ಕಪ್ಪು ವೈರ್, ಮೂರನ್ನೂ ಒಟ್ಟಿಗೆ ಹಿಸುಕಿದ್ದಾರೆ. ಬೋಲ್ಟ್ ತಲೆ ಮೇಲೆ ಬಿಳಿ ಪುಡಿ, ಲಗ್ ಅಂಚಿನಲ್ಲಿ ಪಾಚಿಯಂಥ ಹಸಿರು. ದಪ್ಪ ವೈರಿನ ಪ್ಲಾಸ್ಟಿಕ್ ಲಗ್ ಹತ್ತಿರ ಒಂದು ಇಂಚು ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಬಿಸಿಯಾಗಿ ಆಗಿದ್ದು.

ಇಲ್ಲಿ ಇನ್ನೊಂದು ತಪ್ಪು ಮಾಡಲಿದ್ದೆ. ಮೀಟರನ್ನು ಓಮ್‌ಗೆ ಇಟ್ಟು ಲಗ್‌ನಿಂದ ಬಾಡಿಗೆ ಅಳೆದೆ: 0.4. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದರೂ 0.3 ತೋರಿಸುತ್ತದೆ. ಸರಿಯಾಗಿದೆ ಅಂತ ಪ್ಯಾನೆಲ್ ಮುಚ್ಚಲು ಹೋದೆ. ಆ ಕಂದು ವೈರ್ ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ಕರೆಂಟ್ ಹರಿಯುವಾಗ ವೋಲ್ಟ್ ನೋಡೋಣ ಅಂತ ಬ್ಯಾಟರಿ ಮತ್ತೆ ಜೋಡಿಸಿದೆ. ಮೂರು ಮೀಟರ್ ವೈರ್ ಕಿಟಕಿಯಿಂದ ಎಳೆದು ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿ ಮೈನಸ್‌ಗೆ ಸೇರಿಸಿದೆ. ಕೆಂಪು ಕಡ್ಡಿ ಸಣ್ಣ ಕಪ್ಪು ವೈರಿಗೆ. ಹೊಲಿಗೆ ಪಿನ್ ಚುಚ್ಚಿ ಹಿಡಿದೆ.

ಕೀ ಆನ್, ಬ್ಲೋವರ್ ಆಫ್: 0.02 ವೋಲ್ಟ್.
ಬ್ಲೋವರ್ ಒಂದು: 0.5.
ಬ್ಲೋವರ್ ನಾಲ್ಕು: 1.9. ವೈರ್ ಸ್ವಲ್ಪ ಅಲ್ಲಾಡಿಸಿದರೆ 0.8ರಿಂದ 2.1ರವರೆಗೆ ಓಲಾಡುತ್ತಿತ್ತು.

ಇಮ್ಮೊಬಿಲೈಸರ್ ಯೂನಿಟ್‌ನ ಅರ್ತ್ ಪಿನ್‌ನಲ್ಲೂ ಅಳೆದೆ, ಅಷ್ಟೇ ಬಂತು. ಅಂದರೆ ಅದರ ಅರ್ತ್ ಕೂಡ ಇದೇ ಲಗ್‌ಗೆ. ಸೊನ್ನೆ ಇರಬೇಕಾದ ಜಾಗದಲ್ಲಿ ಸುಮಾರು ಎರಡು ವೋಲ್ಟ್. ಬ್ಲೋವರ್ ಹತ್ತು ಹದಿನೈದು ಆಂಪ್ ಎಳೆಯುತ್ತದೆ. 0.1 ಓಮ್ ಇದ್ದರೂ ಒಂದರಿಂದ ಒಂದೂವರೆ ವೋಲ್ಟ್ ಅಲ್ಲೇ ನಿಲ್ಲುತ್ತದೆ. ಆ 0.1 ನನ್ನ ಮೀಟರಿನ ಕಡ್ಡಿಗಳ 0.3ರಲ್ಲಿ ಮುಳುಗಿಹೋಗಿತ್ತು. ಅರ್ತ್ ಪರೀಕ್ಷೆ ಮಾಡುವವರು ದಯವಿಟ್ಟು ಓಮ್ ನಂಬಬೇಡಿ. ಲೋಡ್ ಹಾಕಿ ವೋಲ್ಟ್ ಅಳೆಯಿರಿ.

ಆಗಸ್ಟ್ 6 ಮತ್ತು 7: ರಿಪೇರಿ, ಎರಡು ಸಲ

ಮೊದಲ ಸಲ ಅವಸರ ಮಾಡಿದೆ. ಬೋಲ್ಟ್ ತೆಗೆದು, ಬಾಡಿ ಮತ್ತು ಲಗ್ ಎರಡನ್ನೂ ಎಮರಿ ಪೇಪರಿನಿಂದ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿದೆ. 1.9 ಇದ್ದದ್ದು 0.3ಕ್ಕೆ ಬಂತು. ಆಯಿತು ಅಂದುಕೊಂಡೆ. ಮರುದಿನ ಬೆಳಿಗ್ಗೆ ಅಳೆದರೆ 0.7.

ತುಕ್ಕು ಲಗ್ ಹೊರಗೆ ಮಾತ್ರ ಇರಲಿಲ್ಲ, ಹಿಸುಕಿದ ಜಾಗದ ಒಳಗೂ ಹೋಗಿತ್ತು. ಲಗ್ ಕತ್ತರಿಸಿ ಬಿಸಾಕಿದೆ. ವೈರ್ ಸುಲಿದರೆ ತಾಮ್ರ ಇದ್ದಿಲಿನ ಹಾಗೆ ಕಪ್ಪಗಿದೆ. ಮೂರು ಸೆಂಟಿಮೀಟರ್ ಹಿಂದಕ್ಕೆ ಹೋದ ಮೇಲೆ ಕೆಂಪು ತಾಮ್ರ ಕಂಡಿತು. ಇಷ್ಟು ಕತ್ತರಿಸಿದ್ದಕ್ಕೆ ವೈರ್ ಬೋಲ್ಟ್‌ಗೆ ತಲುಪಲಿಲ್ಲ. 4 ಚದರ ಮಿಲಿಮೀಟರ್‌ನ ವೈರ್ 15 ಸೆಂಟಿಮೀಟರ್ ಜೋಡಿಸಿದೆ.

ಈ ಸಲ ಮೂರನ್ನೂ ಒಂದೇ ಲಗ್‌ಗೆ ಹಾಕಲಿಲ್ಲ. ಬ್ಲೋವರ್‌ನ ದಪ್ಪ ವೈರಿಗೆ ಬೇರೆ ಲಗ್, ಸ್ವಲ್ಪ ಮೇಲಿರುವ ಇನ್ನೊಂದು ಬಾಡಿ ಬೋಲ್ಟ್‌ಗೆ. ಸಣ್ಣವೆರಡು ಹಳೇ ಜಾಗಕ್ಕೆ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ, ಸುತ್ತ ಕೆರೆದ ಜಾಗಕ್ಕೆ ರೆಡ್ ಆಕ್ಸೈಡ್ ಹಚ್ಚಿದೆ. ಲಗ್, ಸ್ಲೀವ್, ಎಮರಿ, ಜೆಲ್ಲಿ, ಬಣ್ಣ ಎಲ್ಲ ಸೇರಿ 280 ರೂ.

ಅಳತೆ: ಬ್ಲೋವರ್ ನಾಲ್ಕರಲ್ಲಿ, ಇಮ್ಮೊಬಿಲೈಸರ್ ಅರ್ತ್ 0.02 ವೋಲ್ಟ್. ಬ್ಲೋವರ್‌ನ ಲಗ್‌ನಲ್ಲಿ 0.05. ಕೀ ಆನ್ 40 ಸಲ, 40 ಸಲವೂ ದೀಪ ಆರಿತು.

ಆಗಸ್ಟ್ 8: ನೀರು ಎಲ್ಲಿಂದ ಬಂತು

ಇದನ್ನು ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ. ವೈಪರ್ ಕೆಳಗಿನ ಕಪ್ಪು ಪ್ಲಾಸ್ಟಿಕ್ ಜಾಲರಿ ಬಿಚ್ಚಿದೆ. ವೈಪರ್ ತೋಳಿನ ನಟ್ 14 ಎಂಎಂ. ತೋಳು ಎಲ್ಲಿ ನಿಂತಿತ್ತು ಅಂತ ಗ್ಲಾಸ್ ಮೇಲೆ ಮೊದಲೇ ಗುರುತು ಹಾಕಿಕೊಳ್ಳಿ.

ಜಾಲರಿ ಕೆಳಗೆ ಎಡಮೂಲೆಯಲ್ಲಿ ನೀರು ಹೋಗುವ ತೂತು ಇರುತ್ತದೆ. ನನಗೆ ತೂತು ಕಾಣಲೇ ಇಲ್ಲ. ಸಿಲ್ವರ್ ಎಲೆ ಬಾಚಣಿಗೆ ಹಲ್ಲಿನ ಹಾಗೆ ಸೀಳುಸೀಳಾಗಿರುತ್ತದೆ, ಜಾಲರಿಯ ಸಂದಿನಲ್ಲಿ ಸಲೀಸಾಗಿ ಇಳಿಯುತ್ತದೆ. ಇಳಿದದ್ದು ಒಂದಕ್ಕೊಂದು ಹೆಣೆದುಕೊಂಡು ಚಾಪೆಯಾಗಿತ್ತು. ಅದರ ಕೆಳಗೆ ಎರಡು ಬೊಗಸೆ ಕಪ್ಪು ಗೊಬ್ಬರ. ಬೆರಳು ಹಾಕಿ ಎಳೆದ ಕೂಡಲೇ ನಿಂತಿದ್ದ ನೀರು ಗುಳುಗುಳು ಅಂತ ಇಳಿದು, ಚಕ್ರದ ಹಿಂದೆ ಸುರಿಯಿತು.

ತೂತು ಕಟ್ಟಿಕೊಂಡಾಗ ನೀರು ಮೇಲೇರಿ, ವೈರ್ ಕಟ್ಟು ಒಳಗೆ ಹೋಗುವ ರಬ್ಬರ್ ಬುಶ್ ಪಕ್ಕದಿಂದ ಕಾರಿನೊಳಗೆ ಇಳಿಯುತ್ತಿತ್ತು. ಬುಶ್‌ನ ಅಂಚು ಒಂದು ಕಡೆ ಮಡಚಿಕೊಂಡಿತ್ತು. ಅದನ್ನು ಸರಿಯಾಗಿ ಕೂರಿಸಿ ಸುತ್ತ ಸೀಲಂಟ್ ಹಾಕಿದೆ. ಎರಡು ಬಕೆಟ್ ನೀರು ಸುರಿದೆ. ಒಳಗೆ ಟಾರ್ಚ್ ಹಿಡಿದು ನೋಡಿದರೆ ಒಂದು ಹನಿಯೂ ಇಲ್ಲ.

ಫೋಮ್ ಒಣಗಿಸುವುದೇ ದೊಡ್ಡ ಪಾಡಾಯಿತು. ಆಗಸ್ಟ್‌ನಲ್ಲಿ ನಮ್ಮಲ್ಲಿ ಬಿಸಿಲೆಲ್ಲಿ? ಕಾರ್ಪೆಟ್ ಅಂಚು ಎತ್ತಿ, ಕೆಳಗೆ ಮಡಚಿದ ಪೇಪರ್ ತುರುಕಿ, ದಿನಕ್ಕೆರಡು ಸಲ ಬದಲಾಯಿಸಿದೆ. ಒಂಬತ್ತು ದಿನ ಹಿಡಿಯಿತು.

ಸೆಪ್ಟೆಂಬರ್ 3ರವರೆಗೆ

ಕೈಲ್‌ಮುಹೂರ್ತದ (ಕೊಡಗಿನ ಆಯುಧ ಪೂಜೆಯ ಹಬ್ಬ) ಬೆಳಿಗ್ಗೆ ಕಾರು ತೊಳೆದು ಹೂ ಹಾಕುವ ಮೊದಲು ನೋಟ್‌ಬುಕ್ ಲೆಕ್ಕ ನೋಡಿದೆ. ರಿಪೇರಿ ಆದ ಮೇಲೆ 97 ಸ್ಟಾರ್ಟ್. ಅದರಲ್ಲಿ ಬ್ಲೋವರ್ ಬೇಕಂತಲೇ ನಾಲ್ಕರಲ್ಲಿಟ್ಟು 60. ಒಂದೂ ತಪ್ಪಿಲ್ಲ. ಎರಡು ಕೀಗಳೂ ಸರಿಯಾಗಿವೆ.

ಖರ್ಚಿನ ಲೆಕ್ಕ: ರಿಪೇರಿಗೆ ನಿಜವಾಗಿ ಬೇಕಾಗಿದ್ದು 280 ರೂ. ಮತ್ತು ಅರ್ಧ ಡಬ್ಬ ಸೀಲಂಟ್. ಮೀಟರ್ 750, ಅದು ಮುಂದೆಯೂ ಕೆಲಸಕ್ಕೆ ಬರುತ್ತದೆ. ಸ್ಕ್ಯಾನರ್‌ನ 500 ದಂಡ ಅನ್ನಲಾರೆ, ಅದು ಸರಿಯಾದ ದಾರಿ ತೋರಿಸಿತ್ತು, ನಾನೇ ನೋಡಲಿಲ್ಲ. ಸೆಲ್, ಬ್ಯಾಟರಿ, ಎಳೆಸಿದ್ದು ಸೇರಿ 6,560 ರೂ. ಸುಮ್ನೆ ಹೋಯಿತು.

ಬಾಕಿ ಇರುವ ಕೆಲಸ ಎರಡು. ಬಲಗಡೆಯ ನೀರಿನ ತೂತಿಗೆ ಬರೀ ತಂತಿ ಆಡಿಸಿದ್ದೇನೆ, ಸರಿಯಾಗಿ ಬಿಚ್ಚಿ ನೋಡಬೇಕು. ಕಾರು ನಿಲ್ಲುವ ಜಾಗಕ್ಕೆ ನಾಲ್ಕು ಶೀಟ್ ಹಾಕಿಸಬೇಕು. ಕಾಫಿ ಕುಯ್ಲು ಶುರುವಾದರೆ ಆಳು ಸಿಗಲ್ಲ, ಅಷ್ಟರೊಳಗೆ ಆಗಬೇಕು.